ಮಾಲ್ ಜಾಗ ಬಾಡಿಗೆಗೆ ಇದೆ

‘ಮಾಲ್ ಎಲ್ಲಿ ಇಳಸೂದ್ರಿ?’

ಶಿವರಾತ್ರಿ ಮುಗಿದ ವಾರ. ಮುಂಜಾನೆ ಹತ್ತರ ಹೊತ್ತಿಗೆ ನಾನು ಗೇಟಿನ ದೀಪ ಬದಲಿಸುತ್ತ ಏಣಿಯ ಮೇಲೆ ನಿಂತಿದ್ದೆ. ಕೆಳಗೆ ಒಂದು ಟೆಂಪೋ ಬಂದು ನಿಂತಿತ್ತು. ಡ್ರೈವರ್ ಬಾಜೂ ಕೂತಿದ್ದ ಐವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬರು ತಲೆ ಹೊರಗೆ ಹಾಕಿ ಕೇಳುತ್ತಿದ್ದರು.

‘ಇದ ಮಾಲ್ ರಿ,’ ಎಂದೆ. ‘ಇದರಾಗ ಏನ ಇಳಸ್ತೀರಿ?’

‘ಮಾಲ್ ಇಳಸ್ತೇವ್ರಿ. ಮೆಣಸಿನಕಾಯಿ. ನಲವತ್ತ ಚೀಲ ಅದಾವ.’

‘ಮಾಲ್‌ನ್ಯಾಗ ಮಾಲ್ ಇಳಸಾಕ ಬರಾಂಗಿಲ್ರಿ ಅಕ್ಕಾರ.’

‘ಮತ್ತ ಬೋರ್ಡ್ ಯಾಕ ಹಾಕೀರಿ?’

ಅವರು ಕೈ ಮಾಡಿದ ಕಡೆ ತಿರುಗಿ ನೋಡಿದೆ. ಹೆದ್ದಾರಿಗೆ ಮುಖ ಮಾಡಿ ಎಂಟು ದಿನದ ಹಿಂದೆ ನಾನೇ ತಂತಿ ಬಿಗಿದು ಕಟ್ಟಿದ್ದ ಫ್ಲೆಕ್ಸ್ ಅದು. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ: ‘ಮಾಲ್ ಜಾಗ ಬಾಡಿಗೆಗೆ ಇದೆ.’ ಬರೆದವನೂ ನಾನೇ. ‘ಚಂದಂಗ ಒಂದ ಲೈನ್ ಬರಸು’ ಎಂದು ಕಟ್ಟಡದ ಮಾಲೀಕರು ಫೋನಿನಲ್ಲಿ ಹೇಳಿದ್ದರು. ಪ್ರಿಂಟ್ ಮಾಡುವವನ ಜೊತೆ ‘ಜಾಗ’ ಬೇಕೋ ‘ಜಾಗಾ’ ಬೇಕೋ ಎಂದು ಅರ್ಧ ತಾಸು ಜಗಳಾಡಿದ್ದೆ. ನಮ್ಮ ಹುಕ್ಕೇರಿ ತಾಲೂಕಿನಲ್ಲಿ ಮಾಲ್ ಅಂದರೆ ಈರುಳ್ಳಿ, ಬೆಲ್ಲ, ತಂಬಾಕು, ಮೆಣಸಿನಕಾಯಿ. ಮಾಲ್ ಬಂತು, ಮಾಲ್ ಹೋಯಿತು, ಮಾಲಿಗೆ ರೇಟು ಬಿತ್ತು ಎಂದೇ ಇಲ್ಲಿಯ ಜನ ಮಾತಾಡುತ್ತಾರೆ. ಈ ಕಟ್ಟಡವನ್ನು ಅವರು ಮೊದಲ ದಿನದಿಂದ ‘ಗಾಜಿನ ಬಿಲ್ಡಿಂಗ್’ ಎಂದೇ ಕರೆದದ್ದು. ಇದಕ್ಕೆ ಮಾಲ್ ಅನ್ನುತ್ತಿದ್ದವರು ಒಳಗೆ ಪಗಾರ ತಗೊಳ್ಳುವ ನಾವಷ್ಟೇ. ಸರಕು ಇಡಲು ಜಾಗ ಬಾಡಿಗೆಗೆ ಇದೆ ಎಂದು ಊರಿಗೆಲ್ಲ ಡಂಗುರ ಹೊಡೆದವನು ನಾನು, ಬಂದವರ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ಆದರೂ ಸಿಟ್ಟು ಬಂತು.

ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಬೇರೆಯೇ ಚಿಂತೆ. ಸಂಕೇಶ್ವರದ ಊರ ಹೊರಗೆ, ಕಬ್ಬಿನ ಹೊಲದ ಅಂಚಿಗೆ ಈ ಮಾಲ್ ಎದ್ದು ನಿಂತಾಗ ತಂಪು ಗಾಳಿಯ ತಗಡಿನ ಡಕ್ಟ್ ಜೋಡಿಸಲು ಗೋಕಾಕದಿಂದ ಬಂದವನು ನಾನು. ಜೋಡಿಸಿ ಮುಗಿದ ಮೇಲೆ ಇಲ್ಲೇ ಮಿಸ್ತ್ರಿಯಾಗಿ ಉಳಿದುಬಿಟ್ಟೆ. ಶುರುವಿನ ವರ್ಷ ನೋಡಬೇಕಿತ್ತು. ಕೆಳಗೆ ದೊಡ್ಡ ಕಿರಾಣಿ ಸೂಪರ್ ಮಾರ್ಕೆಟ್, ಮೇಲೆ ಎರಡು ಸಿನಿಮಾ ಪರದೆ, ನಡುವೆ ಓಡುವ ಮೆಟ್ಟಿಲು. ಹುಕ್ಕೇರಿಯಿಂದ, ಕಣಗಲಾದಿಂದ ಟೆಂಪೋ ಮಾಡಿಕೊಂಡು ಜನ ಬರುತ್ತಿದ್ದರು. ಓಡುವ ಮೆಟ್ಟಿಲಲ್ಲಿ ಹತ್ತುವುದು, ಬಾಜೂ ಮೆಟ್ಟಿಲಲ್ಲಿ ಇಳಿಯುವುದು, ಮತ್ತೆ ಹತ್ತುವುದು. ಮಧ್ಯಾಹ್ನವೆಲ್ಲ ತಂಪಿನಲ್ಲಿ ಕೂತು ಸಂಜೆಗೆ ಬರಿಗೈಯಲ್ಲಿ ಊರಿಗೆ. ಏನಾದರೂ ತಗೊಳ್ಳುವುದಿದ್ದರೆ ಅದೇ ಹೆದ್ದಾರಿ ಹಿಡಿದು ಕೊಲ್ಲಾಪುರಕ್ಕೋ ಬೆಳಗಾವಿಗೋ ಹೋಗುತ್ತಿದ್ದರು. ಯಾವ ಹೆದ್ದಾರಿ ನಂಬಿ ಮಾಲ್ ಕಟ್ಟಿದ್ದರೋ ಅದೇ ಹೆದ್ದಾರಿ ಗಿರಾಕಿಗಳನ್ನು ಹೊತ್ತುಕೊಂಡು ಹೋಯಿತು. ಲಾಕ್‌ಡೌನಿನಲ್ಲಿ ಮುಚ್ಚಿದ ಸಿನಿಮಾ ಮತ್ತೆ ತೆರೆಯಲಿಲ್ಲ. ಸೂಪರ್ ಮಾರ್ಕೆಟ್ ಖಾಲಿಯಾಯಿತು. ಕರೆಂಟು ಉಳಿಸಲು ಓಡುವ ಮೆಟ್ಟಿಲನ್ನು ನಾನೇ ನಿಲ್ಲಿಸಿದೆ.

ಕೊನೆಗೆ ಉಳಿದ ನಿಜವಾದ ಅಂಗಡಿ ಒಂದೇ, ಮೊದಲ ಮಹಡಿಯ ಜವಳಿ ಅಂಗಡಿ. ಮೂಡಲಗಿಯ ಜವಳಿ ವ್ಯಾಪಾರಿಯೊಬ್ಬರದು. ಒಳಗೆ ಹನ್ನೊಂದು ಜನ ಹುಡುಗಿಯರು ಸೀರೆ ಬಿಚ್ಚುತ್ತಾರೆ, ಮಡಚುತ್ತಾರೆ. ಆ ವ್ಯಾಪಾರಿ ಖಡಾಖಂಡಿತ ಹೇಳಿಬಿಟ್ಟಿದ್ದರು: ಈ ಮದುವೆ ಸೀಸನ್ ನೋಡುತ್ತೇನೆ, ಬಸವ ಜಯಂತಿಯೊಳಗೆ ಗಿರಾಕಿ ಕಾಣದಿದ್ದರೆ ಅದೇ ತಿಂಗಳ ಕೊನೆಗೆ ಖಾಲಿ ಮಾಡುತ್ತೇನೆ. ಮಾಲೀಕರು, ನಾವೆಲ್ಲ ಸಾವಕಾರರು ಅನ್ನುತ್ತೇವೆ, ತಮ್ಮ ಮಾತನ್ನೂ ಸೇರಿಸಿದರು. ಜವಳಿಯವರು ಹೋದರೆ ಶಟರ್ ಎಳೆದು ಕಟ್ಟಡವನ್ನು ಸಕ್ಕರೆ ಚೀಲದ ಗೋದಾಮಿಗೆ ಕೊಟ್ಟುಬಿಡುತ್ತೇನೆ ಅಂದರು. ಸಕ್ಕರೆ ಚೀಲಕ್ಕೆ ಎ.ಸಿ. ಬೇಕಿಲ್ಲ. ಎ.ಸಿ. ಮಿಸ್ತ್ರಿಯೂ ಬೇಕಿಲ್ಲ. ನನಗೆ ಆಗಲೇ ನಲವತ್ತಾರು. ಹೀಗಿರುವಾಗ ಗೇಟಿನಲ್ಲಿ ನಲವತ್ತು ಚೀಲ ಮೆಣಸಿನಕಾಯಿ.

ಸಾವಕಾರರಿಗೆ ಫೋನ್ ಮಾಡಿದೆ. ಆ ಹೆಣ್ಣುಮಗಳು ಊರೊಳಗೆ ಖಾರ ಕುಟ್ಟುವ ಮಷೀನು ಇಟ್ಟುಕೊಂಡವರಂತೆ, ಎಲ್ಲರೂ ಖಾರದಕ್ಕಾರು ಅನ್ನುತ್ತಾರಂತೆ, ಜಾಗದ ಮಾಲೀಕ ಶೆಡ್ ಕೆಡವುತ್ತಿದ್ದಾನಂತೆ, ಹೊಸ ಜಾಗ ಸಿಗುವ ತನಕ ಎರಡು ದಿನ ಚೀಲ ಇಡಬೇಕಂತೆ ಎಂದೆ.

‘ಇಳಸ್ಲಿ ಬಿಡೊ ಬಾಬಾ,’ ಎಂದರು ಸಾವಕಾರರು. ‘ಬೇಸ್‌ಮೆಂಟ್ ಖಾಲಿನ ಬಿದ್ದೈತಲ್ಲ. ಎರಡ ದಿನದ್ದ ಏನ.’

ಬೇಸ್‌ಮೆಂಟಿನಲ್ಲಿ ಒಣ ಮೂಲೆ ಅಂತ ಇರುವುದು ಒಂದೇ, ಉತ್ತರದ ಗೋಡೆಯ ಕಡೆ. ಉಳಿದ ಕಡೆ ನೀರು ಜಿನುಗುತ್ತದೆ. ಮೆಣಸಿನಕಾಯಿಗೆ ತೇವ ಹತ್ತಬಾರದೆಂದು ನಾನೇ ಮುಂದೆ ನಿಂತು ಅಲ್ಲಿ ಇಳಿಸಿದೆ. ಉಪಕಾರ ಮಾಡಲು ಹೋಗಿ ಎಂಥ ಕೆಲಸ ಮಾಡಿದೆನೆಂದು ಮರುದಿನ ಗೊತ್ತಾಯಿತು.

ಮರುದಿನ ಜವಳಿ ಅಂಗಡಿಗೆ ಗೋಕಾಕ ಕಡೆಯ ಮದುವೆ ಮಂದಿ ಬಂದಿದ್ದರು. ಇಪ್ಪತ್ತೆರಡು ಜನ. ಎಷ್ಟೋ ತಿಂಗಳ ಮೇಲೆ ಬಂದ ದೊಡ್ಡ ಗಿರಾಕಿ. ಗಾದಿಯ ಮೇಲೆ ಹೆಣ್ಣಿನ ಕಡೆಯವರು, ಕುರ್ಚಿಯ ಮೇಲೆ ಗಂಡಿನ ಕಡೆಯವರು. ಜವಳಿಯವರು ತಾವೇ ಪೆಟ್ಟಿಗೆ ತೆಗೆದು ರೇಷ್ಮೆ ಬಿಚ್ಚುತ್ತಿದ್ದರು. ‘ಮಿಸ್ತ್ರಿ, ಇವತ್ತ ಎ.ಸಿ. ಜೋರ ಬಿಡು’ ಎಂದು ನನಗೆ ಹೇಳಿ ಕಳಿಸಿದರು. ಬಿಟ್ಟೆ, ಜೋರಾಗಿಯೇ ಬಿಟ್ಟೆ.

ಮೊದಲು ಮದುಮಗಳ ಅತ್ತೆಯಾಗುವವರು ಸೀನಿದರು. ಆಮೇಲೆ ಮದುಮಗಳು. ಐದು ನಿಮಿಷದಲ್ಲಿ ಇಪ್ಪತ್ತೆರಡೂ ಜನ ಸೀನುತ್ತ, ಕೆಮ್ಮುತ್ತ, ಕಣ್ಣೀರು ಹಾಕುತ್ತ, ನಾನು ನಿಲ್ಲಿಸಿದ್ದ ಓಡುವ ಮೆಟ್ಟಿಲಲ್ಲಿ ಎಡವುತ್ತ ಕೆಳಗಿಳಿದರು. ಮದುಮಗಳ ಅಜ್ಜಿಯೊಬ್ಬರು ಬಾಗಿಲಲ್ಲಿ ನಿಂತು, ‘ಜವಳಿ ತಗಿಯೂ ಹೊತ್ತಿನ್ಯಾಗ ಹಿಂಗ ಸೀನ ಬಂದ್ರ ಅಪಶಕುನ’ ಎಂದರು. ಆ ಮಾತು ಮುಗಿಯುವ ಮೊದಲೇ ಗಾಡಿಗಳು ಬೆಳಗಾವಿ ಕಡೆ ತಿರುಗಿದ್ದವು.

ಕಾರಣ ನನಗೆ ಎರಡನೇ ಸೀನಿಗೇ ಹೊಳೆದಿತ್ತು. ಗಾಳಿ ತಂಪು ಮಾಡಿ ಮೇಲೆ ತಳ್ಳುವ ದೊಡ್ಡ ಯಂತ್ರ ಬೇಸ್‌ಮೆಂಟಿನಲ್ಲಿದೆ. ಅಂಗಡಿಯಿಂದ ವಾಪಸು ಬರುವ ಗಾಳಿಯ ಜೊತೆ ಸ್ವಲ್ಪ ಹೊಸ ಗಾಳಿಯನ್ನೂ ಅದು ಎಳೆದುಕೊಳ್ಳಬೇಕು. ನಕ್ಷೆ ಮಾಡಿದ ಮಹಾನುಭಾವ ಆ ಹೊಸ ಗಾಳಿಯ ಜಾಲರಿಯನ್ನು ಹೊರಗೆ ಇಡದೆ ಬೇಸ್‌ಮೆಂಟಿನ ಉತ್ತರದ ಗೋಡೆಯಲ್ಲೇ ಇಟ್ಟಿದ್ದ. ಅದನ್ನು ಮುಚ್ಚಲು ಒಂದು ತಗಡಿನ ಬಾಗಿಲಿದೆ, ಡ್ಯಾಂಪರ್ ಅನ್ನುತ್ತಾರೆ. ತುಕ್ಕು ಹಿಡಿದು ತೆರೆದೇ ಕೂತಿತ್ತು. ಅದರ ಮುಂದೆಯೇ ಒಂದರ ಮೇಲೊಂದು ನಲವತ್ತು ಚೀಲ ಸಂಕೇಶ್ವರಿ ಮೆಣಸಿನಕಾಯಿ ಜೋಡಿಸಿ ಫ್ಯಾನು ಜೋರಾಗಿ ಬಿಟ್ಟಿದ್ದೆ.

ಜವಳಿಯವರು ಒದ್ದೆ ಕರವಸ್ತ್ರ ಮೂಗಿಗೆ ಹಿಡಿದು ಕೆಳಗೆ ಬಂದರು. ‘ಬಸವ ಜಯಂತಿತನಕ ಅಂದಿದ್ನೆಲ್ಲ, ಈಗ ಅದೂ ಇಲ್ಲ,’ ಎಂದರು. ‘ಒಂದ ಆಕಿ ಇರಬೇಕ, ಇಲ್ಲಾ ನಾ ಇರಬೇಕ. ನಿಮ್ಮ ಸಾವಕಾರ್ರಿಗೆ ಹೇಳು.’

ಸಾವಕಾರರು ಚೀಲ ಹೊರಗೆ ಹಾಕು ಎಂದರು. ಖಾರದಕ್ಕಾರು ಬೇರೆ ಜಾಗ ಹುಡುಕುವಷ್ಟರಲ್ಲಿ ನಾನು ಗಾಳಿಯ ದಾರಿ ತೊಳೆಯಬೇಕಿತ್ತು, ಇಲ್ಲದಿದ್ದರೆ ಚೀಲ ಹೋದರೂ ಘಾಟು ಹೋಗುತ್ತಿರಲಿಲ್ಲ. ಮೂರು ದಿನ ಹಿಡಿಯಿತು. ಡ್ಯಾಂಪರ್ ತಿರುಗಿಸಲು ಹೋದರೆ ಅದರ ಸಲಾಕೆಯೇ ಮುರಿದು ಕೈಗೆ ಬಂತು. ಜಾಲರಿಗೆ ತಗಡು ಹೊಡೆದು ರಿವೆಟ್ ಹಾಕಿ ಮುಚ್ಚಿದೆ. ಫಿಲ್ಟರ್ ಬಿಚ್ಚಿ ನೀರಿನಲ್ಲಿ ಅದ್ದಿದ್ದೇ ದೊಡ್ಡ ತಪ್ಪು. ಒಣಗಿದ್ದಾಗ ಮಲಗಿದ್ದ ಖಾರ ನೀರು ಬಿದ್ದ ಕೂಡಲೇ ಎದ್ದಿತು. ಮೊಳಕೈತನಕ ಉರಿ. ಮರೆತು ಒಮ್ಮೆ ಕಣ್ಣೊರೆಸಿಕೊಂಡೆ, ಆಮೇಲೆ ಹತ್ತು ನಿಮಿಷ ನೆಲದ ಮೇಲೆ ಕೂತು ಹುಟ್ಟಿದ ಘಳಿಗೆಯನ್ನು ಬೈದುಕೊಂಡೆ. ಕೊನೆಗೆ ಖಾರದಕ್ಕಾರೇ ಬಂದು, ‘ತಮ್ಮಾ, ನೀರ ಹಚ್ಚಬ್ಯಾಡ, ಎಣ್ಣಿ ಹಚ್ಚು’ ಎಂದು ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ ಉರಿ ಇಳಿಸಿದರು. ಅವರನ್ನು ಹೊರಗೆ ಹಾಕಬೇಕಾದವನು ನಾನು, ನನ್ನ ಕೈಗೆ ಎಣ್ಣೆ ತಿಕ್ಕುತ್ತಿದ್ದವರು ಅವರು. ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಆ ಮೂರು ದಿನ ಬೇಸ್‌ಮೆಂಟಿನಲ್ಲೇ ಇದ್ದುದರಿಂದ ನನಗೆ ಇನ್ನೊಂದು ಕಾಣಿಸಿತು. ಅಕ್ಕಾರು ಒಂದು ಚೀಲದ ಮೇಲೆ ಕೂತು ತೊಟ್ಟು ಬಿಡಿಸುತ್ತಿದ್ದರು. ಅವರನ್ನು ಹುಡುಕಿಕೊಂಡು ಹೆಂಗಸರು ಬರುತ್ತಲೇ ಇದ್ದರು. ‘ಖಾರದಕ್ಕಾರು ಇಲ್ಲಿ ಅದಾರಂತ, ಹೌದೇನ್ರಿ?’ ಎಂದು ಗೇಟಿನಲ್ಲಿ ಕೇಳುವುದು, ಬಂದು ಬಾಜೂ ಕೂರುವುದು. ಬೇಸಿಗೆಯಲ್ಲಿ ಇಡೀ ವರ್ಷದ ಖಾರ ಕುಟ್ಟಿಸಿ ಡಬ್ಬಿ ತುಂಬುವುದು ಇಲ್ಲಿಯ ಪ್ರತಿ ಮನೆಯ ಕೆಲಸ. ಮದುವೆ ಇರುವ ಮನೆಯಲ್ಲಂತೂ ಮೊದಲು ಖಾರ, ಆಮೇಲೆ ಜವಳಿ. ಮೂರು ದಿನದಲ್ಲಿ ಮೂವತ್ತಕ್ಕೂ ಹೆಚ್ಚು ಹೆಂಗಸರು ಬಂದರು. ನಾವು ರಿಯಾಯಿತಿ ಇಟ್ಟು, ಆಟೋದಲ್ಲಿ ಮೈಕು ಕೂಗಿಸಿ, ಬಾಗಿಲಲ್ಲಿ ಐಸ್‌ಕ್ರೀಮ್ ಕೊಟ್ಟರೂ ಬಾರದ ಹೆಂಗಸರು. ಮದುವೆ ಸೀರೆ ಯಾವ ಊರಿಂದ ತರಬೇಕೆಂದು ಮನೆಯಲ್ಲಿ ತೀರ್ಮಾನ ಮಾಡುವವರು ಇವರೇ. ಇವರನ್ನು ಹೊರಗೆ ಹಾಕಿ ಮೇಲೆ ಗಿರಾಕಿ ಇಲ್ಲ ಎಂದು ಅಳುವವರು ನಾವು.

ನಾಲ್ಕನೇ ದಿನ ಸಾವಕಾರರನ್ನೂ ಜವಳಿಯವರನ್ನೂ ಕೂರಿಸಿಕೊಂಡು ಹೇಳಿದೆ. ಕೆಳಗಿನ ಖಾಲಿ ಸೂಪರ್ ಮಾರ್ಕೆಟ್ ಹಾಲಿನಲ್ಲಿ ಅಕ್ಕಾರ ಮಷೀನು ಇಡೋಣ. ಘಾಟು ಮೇಲೆ ಬಾರದಂತೆ ಮಾಡುವುದು ನನ್ನ ಕೆಲಸ.

ಜವಳಿಯವರು ನನ್ನನ್ನೇ ನೋಡಿದರು. ‘ನಿನಗ ಖಾರ ತಲಿಗೇರೇತಿ ಮಿಸ್ತ್ರಿ.’

‘ಎಂಟ ದಿನಾ ಕೊಡ್ರಿ,’ ಎಂದೆ. ‘ನಿಮ್ಮ ಅಂಗಡ್ಯಾಗ ಒಬ್ಬರ ಸೀನಿದ್ರೂ ಚೀಲದ ಜೋಡಿ ನಾನೂ ಹೊರಗ ಹೋಗತೇನಿ.’

ಸಾವಕಾರರು ಎಂಟು ದಿನಕ್ಕೆ ಒಪ್ಪಿದರು. ನಾನು ಯಾಕೆ ಹಾಗೆ ಅಂದೆನೋ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ‘ನಿಮಗ ಯಾರ ಕೇಳಿದ್ರು?’ ಎಂದಳು.

ಕೆಲಸದ ಸೂತ್ರ ಸರಳ. ಗಾಳಿ ಯಾವಾಗಲೂ ಜವಳಿ ಕಡೆಯಿಂದ ಖಾರದ ಕಡೆ ಹರಿಯಬೇಕು, ಖಾರದ ಕಡೆಯಿಂದ ಜವಳಿ ಕಡೆ ಅಲ್ಲ. ಆ ಹಾಲಿಗೆ ಹೋಗುವ ತಂಪು ಗಾಳಿಯ ಡಕ್ಟ್ ಕತ್ತರಿಸಿ ಎರಡೂ ತುದಿಗೆ ತಗಡು ಬಿಗಿದೆ. ಮುಚ್ಚಿದ ಸಿನಿಮಾದಲ್ಲಿ ಒಳಗಿನ ಗಾಳಿ ಹೊರಹಾಕುವ ಎರಡು ದೊಡ್ಡ ಫ್ಯಾನು ಧೂಳು ತಿನ್ನುತ್ತಿದ್ದವು. ಅವನ್ನು ಇಳಿಸಿ ಹಾಲಿನ ಹಿಂದಿನ ಗೋಡೆಗೆ, ಕಬ್ಬಿನ ಹೊಲದ ಕಡೆ ಮುಖ ಮಾಡಿ ಕೂರಿಸಿದೆ. ಬೇಸ್‌ಮೆಂಟಿನ ಜಾಲರಿ ಮುಚ್ಚಿದ್ದರಿಂದ ಮೇಲಿನ ಅಂಗಡಿಗೆ ಹೊಸ ಗಾಳಿ ಬೇಕಿತ್ತು, ಅದಕ್ಕೆ ತಾರಸಿಯ ಮೇಲೆ ಡಕ್ಟ್ ಕೊರೆದು ಹೊಸ ಜಾಲರಿ ಇಟ್ಟೆ. ತಾರಸಿಗೆ ಯಾರೂ ಹೋಗುವುದಿಲ್ಲ, ಅಲ್ಲಿ ಗಾಳಿ ಸ್ವಚ್ಛ ಎಂದುಕೊಂಡೆ.

ಅಕ್ಕಾರ ಮಷೀನು ಬಂತು. ಸಾಲಾಗಿ ಕಲ್ಲಿನ ಗುಂಡಿಗಳು, ಮೇಲಿಂದ ಎದ್ದು ಬೀಳುವ ಕಬ್ಬಿಣದ ಒನಕೆಗಳು. ಫ್ಯಾನು ಹಾಕಿ, ಹಾಲಿನ ಒಳಬಾಗಿಲ ಸಂದಿಯಲ್ಲಿ ಊದಬತ್ತಿ ಹಿಡಿದೆ. ಹೊಗೆ ಖಾರದ ಕಡೆ ಬಾಗಬೇಕು. ಬಾಗಲಿಲ್ಲ, ನೇರ ನನ್ನ ಮುಖಕ್ಕೆ ಬಂತು. ಬೆಲ್ಟ್ ಬಿಗಿದೆ, ಮತ್ತೆ ಮುಖಕ್ಕೇ. ಫ್ಯಾನು ಉಲ್ಟಾ ತಿರುಗುತ್ತಿದೆಯೇನೋ ಎಂದು ವೈರು ಅದಲುಬದಲು ಮಾಡಿದೆ, ಹೊಗೆ ಇನ್ನೂ ಜೋರಾಗಿ ಬಂತು. ಮತ್ತೆ ವೈರು ಮೊದಲಿನ ಹಾಗೆ. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಎರಡು ದಿನ ಹೀಗೇ ಹೋದವು.

ಮೂರನೇ ದಿನ ಅಕ್ಕಾರು ತೊಟ್ಟು ಬಿಡಿಸುತ್ತಲೇ ಹೇಳಿದರು: ‘ತಮ್ಮಾ, ಹಿಂದಿನ ಶಟರ್ ತಗದ ಇಟ್ಟೀಯಲ್ಲ. ಅಲ್ಲಿಂದ ಭರ್ ಅಂತ ಗಾಳಿ ಒಳಗ ಬರಾಕತ್ತೈತಿ. ನಾ ಕುಟ್ಟೂವಾಗ ಎಂದೂ ಗಾಳಿ ಕಡೆ ಬಾಗಲಾ ತಗದ ಇಡಾಂಗಿಲ್ಲ.’

ಚೀಲ ತರಲು ಅನುಕೂಲವೆಂದು ಹಿಂದಿನ ಶಟರ್ ತೆರೆದಿಟ್ಟವನು ನಾನೇ. ಫ್ಯಾನು ಹಾಲಿನ ಗಾಳಿ ಎಳೆಯುವ ಬದಲು ಶಟರಿನಿಂದ ಬಂದ ಗಾಳಿಯನ್ನಷ್ಟೇ ಹೊರಗೆ ಹಾಕುತ್ತಿತ್ತು, ಉಳಿದದ್ದು ನನ್ನ ಮುಖಕ್ಕೆ. ಇಪ್ಪತ್ತು ವರ್ಷದಿಂದ ಗಾಳಿಯ ಕೆಲಸ ಮಾಡುವವನಿಗೆ ತೊಟ್ಟು ಬಿಡಿಸುವವರು ಹೇಳಬೇಕಾಯಿತು. ಶಟರ್ ಮುಚ್ಚಿ ಮಗ್ಗುಲಿನ ಸಣ್ಣ ಬಾಗಿಲಿನಿಂದ ಚೀಲ ತರುವ ಹಾಗೆ ಮಾಡಿದೆ. ಊದಬತ್ತಿ ಹಿಡಿದೆ. ಹೊಗೆ ಸಾವಕಾಶ ಖಾರದ ಕಡೆ ಬಾಗಿ ಒಳಗೆ ಹೋಯಿತು. ಅವತ್ತು ಒನಕೆಗಳು ದಿನವೆಲ್ಲ ಕುಟ್ಟಿದವು. ಮೇಲೆ ಒಬ್ಬರೂ ಸೀನಲಿಲ್ಲ.

ಗೆದ್ದೆ ಅಂದುಕೊಂಡೆ. ಎಲ್ಲಿಯ ಗೆಲುವು? ಹೆಂಗಸರು ಬಂದರು, ಸಾಲು ಹಚ್ಚಿದರು, ಮೂರು ಮೂರು ತಾಸು ಕೂತರು, ಖಾರ ಹೊತ್ತುಕೊಂಡು ಹೋದರು. ಒಬ್ಬರೂ ಮೊದಲ ಮಹಡಿ ಹತ್ತಲಿಲ್ಲ. ಓಡುವ ಮೆಟ್ಟಿಲು ಚಾಲೂ ಮಾಡಿದೆ. ಖಾಲಿಯೇ ಓಡಿತು.

‘ಚೀಟಿ ಕೊಡತೇನ್ರಿ,’ ಎಂದು ಕೈ ಮುಗಿದು ಹೇಳಿದೆ. ‘ನಿಮ್ಮ ನಂಬರ್ ಬಂದ ಕೂಡ್ಲೆ ಕರೀತೇನಿ. ಮ್ಯಾಲ ತಂಪಿನ್ಯಾಗ ಕುಂಡ್ರ ಹೋಗ್ರಿ.’

ಕಣಗಲಾದ ಒಬ್ಬ ದೊಡ್ಡಮ್ಮ ನನಗೆ ತಿಳಿಹೇಳಿದರು. ‘ನಾ ಬ್ಯಾಡಗಿ ಎಷ್ಟ ಹಾಕೇನಿ, ಸಂಕೇಶ್ವರಿ ಎಷ್ಟ ಹಾಕೇನಿ ನನಗ ಗೊತ್ತೈತಿ. ನಾ ಆ ಕಡೆ ಹೋದ್ರ, ಬಾಜೂದಾಕಿ ಖಾರ ನನ್ನ ಖಾರದಾಗ ಕೂಡತೈತಿ. ಆಮ್ಯಾಲ ವರ್ಷಾನಗಟ್ಲೆ ಊಟಕ್ಕ ಕುಂತವ್ರೆಲ್ಲಾ ನನಗ ಅಂತಾರ.’

ಅಕ್ಕಾರಿಗೆ ದೂರು ಕೊಟ್ಟೆ. ಅವರು ನಕ್ಕರು. ‘ನನ್ನ ಮನಿ ಖಾರ ಬಿಟ್ಟ ನಾನ ಏಳಾಂಗಿಲ್ಲ. ಅವರ್ಯಾಕ ಏಳ್ತಾರ?’

ಬಸವ ಜಯಂತಿಗೆ ಹದಿನೈದು ದಿನ ಉಳಿದಿತ್ತು. ಜವಳಿಯವರು ಖಾಲಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ನನ್ನನ್ನು ನೋಡುತ್ತಿದ್ದರು. ನಾನು ಹೊತ್ತು ಕಳೆಯಲು ಸೆಕ್ಯೂರಿಟಿ ಕೋಣೆಯಲ್ಲಿ ಕೂತು ಕ್ಯಾಮೆರಾದ ಟಿವಿ ನೋಡುತ್ತಿದ್ದೆ. ಹದಿನಾರು ಕ್ಯಾಮೆರಾ, ಹದಿನೈದರಲ್ಲಿ ಖಾಲಿ ನೆಲ. ಹದಿನಾರನೆಯದರಲ್ಲಿ, ಹಳೇ ಸೂಪರ್ ಮಾರ್ಕೆಟಿನ ಕಳ್ಳರನ್ನು ಹಿಡಿಯಲು ಹಾಕಿದ್ದ ಕ್ಯಾಮೆರಾದಲ್ಲಿ, ಹೆಂಗಸರು ತಂತಮ್ಮ ಗುಂಡಿಯನ್ನು ಕಣ್ಣೆವೆ ಇಕ್ಕದೆ ನೋಡುತ್ತ ಕೂತಿದ್ದರು. ಅವರಿಗೆ ಬೇಕಾದದ್ದು ಖಾರದ ಹತ್ತಿರ ಕೂರುವುದಲ್ಲ, ಖಾರ ಕಾಣುವುದು. ನಾನು ಎದ್ದೆ.

ಖಾಲಿ ನೆಲ ನೋಡುತ್ತಿದ್ದ ಕ್ಯಾಮೆರಾಗಳನ್ನೆಲ್ಲ ಕಿತ್ತು ಪ್ರತಿ ಗುಂಡಿಯ ಮೇಲೆ ಒಂದೊಂದು ಹಾಕಿದೆ. ಗುಂಡಿಗೆ ಬಣ್ಣದಲ್ಲಿ ನಂಬರ್ ಬರೆದೆ. ಕೇಬಲ್ ಎಳೆದು ಟಿವಿಯನ್ನು ಜವಳಿ ಅಂಗಡಿಯ ಗೋಡೆಗೆ, ಗಾದಿಯ ಎದುರಿಗೆ ನೇತುಹಾಕಲು ಹೊರಟೆ.

‘ರೇಷ್ಮಿ ಸೀರಿ ಬಾಜೂಕ ಖಾರ ಕುಟ್ಟೂದ ತೋರಸ್ತಿ?’ ಎಂದರು ಜವಳಿಯವರು.

‘ನಿಮ್ಮ ಸೀರಿ ನೋಡಾಕ ಯಾರೂ ಬರವಲ್ರು. ಅವರ ಖಾರ ನೋಡಾಕರೆ ಬರ್ಲಿ,’ ಎಂದುಬಿಟ್ಟೆ. ಇಷ್ಟು ದಿನದ ಸಿಟ್ಟೆಲ್ಲ ಆ ಒಂದು ಮಾತಿನಲ್ಲಿ ಹೊರಬಿತ್ತು. ಅವರು ಏಣಿ ಹಿಡಿದರು.

ಮರುದಿನ ಕಣಗಲಾದ ದೊಡ್ಡಮ್ಮನನ್ನೇ ಮೊದಲು ಮೇಲೆ ಕರೆದೊಯ್ದೆ. ನಾಲ್ಕನೇ ನಂಬರಿನ ಗುಂಡಿಯಲ್ಲಿ ತಮ್ಮ ಖಾರ ಕಂಡ ಮೇಲೆ ಗಾದಿಯ ಮೇಲೆ ಕಾಲು ಚಾಚಿದರು. ಕೆಳಗಿದ್ದ ಸೊಸೆಗೆ ಫೋನ್ ಮಾಡಿ, ‘ನಂದ ಕಾಣಾಕತ್ತೈತಿ, ನೀನೂ ಬಾ’ ಎಂದರು. ಹುಡುಗಿಯರು ಸುಮ್ಮನೆ ಎರಡು ಸೀರೆ ಬಿಚ್ಚಿ ಅವರ ಮುಂದೆ ಹರವಿದರು. ದೊಡ್ಡಮ್ಮ ಒಂದು ಕಣ್ಣು ಟಿವಿಯಲ್ಲಿಟ್ಟುಕೊಂಡೇ ಸೆರಗು ಮುಟ್ಟಿ ನೋಡಿದರು. ‘ಇದರಾಗ ಗಿಳಿ ಹಸರ ಐತೇನ?’

ಒಂದು ವಾರದಲ್ಲಿ ಗಾದಿ ಸಾಲದಾಯಿತು. ಟಿವಿ ನೋಡುತ್ತ ‘ಏ, ಏಳನೇ ನಂಬರಿಂದ ಸಾಕ, ತಗೀರಿ’ ಎಂದು ಫೋನಿನಲ್ಲಿ ಕೆಳಗೆ ಕೂಗುವುದು, ಹಾಗೇ ತಿರುಗಿ ಸೀರೆಯ ಬಣ್ಣಕ್ಕೆ ಜಗಳಾಡುವುದು. ಸದ್ದಿಗೆ ನನ್ನ ತಲೆ ಸಿಡಿಯುತ್ತಿತ್ತು. ಬಸವ ಜಯಂತಿ ಬಂತು, ಹೋಯಿತು. ಜವಳಿಯವರು ಉಳಿಯುತ್ತೇನೆ ಅಂತಲೂ ಅನ್ನಲಿಲ್ಲ, ಹೋಗುತ್ತೇನೆ ಅಂತಲೂ ಅನ್ನಲಿಲ್ಲ. ತಿಂಗಳ ಕೊನೆ ಹತ್ತಿರ ಬಂತು. ಕೇಳಲು ಧೈರ್ಯವಿಲ್ಲ. ಅವರ ಅಂಗಡಿಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಕಂಡರೂ ಸಾಮಾನು ಕಟ್ಟುತ್ತಿದ್ದಾರೇನೋ ಎಂದು ಬಗ್ಗಿ ನೋಡುತ್ತಿದ್ದೆ.

ಹೊಸ ತಿಂಗಳ ಮೊದಲ ವಾರ ಸಾವಕಾರರು ಬಂದು ಫ್ಲೆಕ್ಸ್ ಇಳಿಸು ಎಂದರು. ಯಾಕೆಂದು ಅವರೂ ಹೇಳಲಿಲ್ಲ. ತಂತಿ ಬಿಚ್ಚಿ ಇಳಿಸಿ ಸುತ್ತುತ್ತಿದ್ದೆ. ಅಕ್ಕಾರು ಬಂದು ಕೈ ಚಾಚಿದರು.

‘ಅದನ್ನ ಒಗೀಬ್ಯಾಡ ತಮ್ಮಾ, ನನಗ ಕೊಡು. ಮೆಣಸಿನಕಾಯಿ ಹಾಸಾಕ ಬೇಕ.’

ಕೊಟ್ಟೆ. ಎಲ್ಲಿ ಹಾಸುತ್ತೀರಿ ಎಂದು ಕೇಳಲಿಲ್ಲ. ಈ ಕಟ್ಟಡದಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆಯೇ ಪ್ರತಿ ಸಲ ನನ್ನ ಕುತ್ತಿಗೆಗೆ ಬಂದಿದೆ, ಆದರೂ ಬುದ್ಧಿ ಬರಲಿಲ್ಲ.

ಎರಡು ದಿನದ ಮೇಲೆ ಮುಂಜಾನೆ ಹನ್ನೊಂದಕ್ಕೆ ಎ.ಸಿ. ಹಾಕಿದೆ. ಹನ್ನೊಂದೂಕಾಲಿಗೆ ಮೊದಲ ಮಹಡಿಯಿಂದ ಒಂದು ಸೀನು ಕೇಳಿಸಿತು. ಆಮೇಲೆ ಇನ್ನೊಂದು. ನಾನು ಎರಡೆರಡು ಮೆಟ್ಟಿಲು ಹಾರುತ್ತ ತಾರಸಿಗೆ ಓಡಿದೆ. ನಾನು ಕೊರೆದಿಟ್ಟ ಹೊಸ ಜಾಲರಿಯ ಮುಂದೆ, ಬಿಸಿಲು ಚೆನ್ನಾಗಿ ಬೀಳುವ ಕಡೆ, ಅಕ್ಕಾರು ನನ್ನ ಫ್ಲೆಕ್ಸ್ ಹಾಸಿ ಮೂರು ಚೀಲ ಮೆಣಸಿನಕಾಯಿ ಹರವಿದ್ದರು. ಅಕ್ಷರ ಮೇಲೆ ಮಾಡಿಯೇ ಹಾಸಿದ್ದರು. ಕೆಂಪಿನ ನಡುವೆ ‘ಮಾಲ್ ಜಾಗ’ ಅನ್ನುವಷ್ಟು ಕಾಣುತ್ತಿತ್ತು.

ಫೋನು ಬಡಿಯಿತು. ಜವಳಿಯವರು.

‘ಮಿಸ್ತ್ರಿ,’ ಎಂದರು. ಸೀನಿದರು. ಮತ್ತೆ ‘ಮಿಸ್ತ್ರಿ’ ಎಂದರು, ಮತ್ತೆ ಸೀನಿದರು. ಹಿಂದೆ ಹೆಂಗಸರು ನಗುವುದು ಕೇಳಿಸುತ್ತಿತ್ತು. ಬೈಗುಳ ಶುರುವಾಗುವ ಮೊದಲೇ ನಾನು ಫೋನು ಕಿವಿಗೆ ಹಿಡಿದುಕೊಂಡೇ ಬಗ್ಗಿ ಫ್ಲೆಕ್ಸಿನ ತುದಿ ಎಳೆಯತೊಡಗಿದೆ. ಅವರು ಖಾಲಿ ಮಾಡುತ್ತೇನೆಂದಿದ್ದ ತಿಂಗಳು ಮುಗಿದು ಒಂಬತ್ತು ದಿನವಾಗಿತ್ತು. ಸೀನುವುದಕ್ಕೆ ಅವರು ಇನ್ನೂ ಅಲ್ಲಿ ಇದ್ದರು.